ಸ್ಟೆಪ್ನಿಗೆ ಹಾಕಿದ ಬೀಗ

ನನ್ನ ತಂಗಿಯನ್ನು ಊರಿನಿಂದ ಮುಂಬಯಿ ಹತ್ತಿರದ ಡೊಂಬಿವಲಿಗೆ ಕರೆತಂದವಳು ನಾನೇ. ನನಗೆ ಮದುವೆಯಾಗಿ ಎರಡು ವರ್ಷ ಆಗಿತ್ತಷ್ಟೆ. ಸ್ಟೇಷನ್ನಿನ ಈಸ್ಟ್ ಬದಿಯಲ್ಲಿ, ಲಿಫ್ಟ್ ಇಲ್ಲದ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ. ಅದರಲ್ಲೇ ಅವಳೂ ಮೂರು ವರ್ಷ ಇದ್ದು ಕಾಲೇಜು ಮುಗಿಸಿದಳು. ನನ್ನ ಗಂಡ ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಥಾಣೆಯ ನೌಪಾಡಾದಲ್ಲಿ ಹೋಟೆಲು ಇಟ್ಟಿದ್ದ ನಮ್ಮ ಕಡೆಯವರೊಬ್ಬರು ತಮ್ಮ ಮಗನಿಗೆ ಹೆಣ್ಣು ಹುಡುಕುತ್ತಿದ್ದಾರೆಂದು ತಿಳಿದು ಬಂದದ್ದು ಇವರ ಪರಿಚಯದಿಂದಲೇ. ಹುಡುಗ ನೋಡಲು ಬಂದ ದಿನ ಒಲೆಯ ಮುಂದೆ ನಿಂತು ಗೋಳಿಬಜೆ ಕರಿದವಳು ನಾನು. ತಂಗಿ ತಟ್ಟೆ ತಂದು ಇಟ್ಟಳು, ಅಷ್ಟೆ.

ಇದನ್ನೆಲ್ಲ ಮೊದಲೇ ಹೇಳುವುದಕ್ಕೆ ಕಾರಣ ಉಂಟು. ಅವಳ ಬಾಳಿನಲ್ಲಿ ಒಳ್ಳೆಯದೇನಾದರೂ ಆದರೆ ಅದು ನಾನು ಕೊಟ್ಟದ್ದು, ನನಗೆ ಬರಬೇಕಾದದ್ದು ತಪ್ಪಿ ಅವಳಿಗೆ ಹೋದದ್ದು ಎಂದು ಒಳಗೊಳಗೇ ನನಗೆ ಅನಿಸುತ್ತಿತ್ತು. ಮದುವೆಯಾದ ಮೇಲೆ ತಂಗಿ ಮತ್ತು ಅವಳ ಗಂಡ ಥಾಣೆಯಲ್ಲೇ ಮಾಜಿವಾಡಾದ ಹೊಸ ಟವರಿಗೆ ಮನೆ ಬದಲಾಯಿಸಿದಾಗ ಗೃಹಪ್ರವೇಶಕ್ಕೆ ಹೋಗಿ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದೆ. ಮನೆಗೆ ಬಂದವಳೇ ಮಗಳ ಮೇಲೆ ಕಾರಣವಿಲ್ಲದೆ ರೇಗಿದೆ. ಆಮೇಲೆ ಪ್ರತಿ ಸಲವೂ ಹಾಗೆಯೇ. ಅಲ್ಲಿಂದ ಬಂದ ದಿನ ನನಗೆ ಸಾರಿನಲ್ಲಿ ಉಪ್ಪು ಹೆಚ್ಚಾಗುತ್ತಿತ್ತು, ಪಾತ್ರೆಯ ಸದ್ದು ದೊಡ್ಡದಾಗುತ್ತಿತ್ತು. ನನ್ನ ಗಂಡ ಒಮ್ಮೆ, "ನಿನಗೆ ಮಾಜಿವಾಡಾ ಆಗುವುದಿಲ್ಲ, ಕೆಲವರಿಗೆ ಬದನೆಕಾಯಿ ಆಗದ ಹಾಗೆ," ಎಂದರು. ನಾನು ಎರಡು ದಿನ ಅವರ ಹತ್ತಿರ ಮಾತಾಡಲಿಲ್ಲ.

ಎರಡು ಸಾವಿರದ ಹನ್ನೊಂದೋ ಹನ್ನೆರಡೋ ಇರಬೇಕು, ತಂಗಿಯ ಗಂಡನಿಗೆ ಟ್ರೇಲರಿನ ಹುಚ್ಚು ಹಿಡಿಯಿತು. ಹೋಟೆಲಿನವನಾದ್ದರಿಂದ ಅವನಿಗೆ ಇನ್ನೊಬ್ಬರ ಹೋಟೆಲಿನಲ್ಲಿ ಉಣ್ಣುವುದೆಂದರೆ ಆಗದು. ಟೇಬಲ್ ಒರೆಸುವ ಬಟ್ಟೆ ನೋಡಿದರೆ ಸಾಕು, ಎದ್ದು ಹೊರಗೆ ಬರುತ್ತಿದ್ದ. ಹಾಗಾಗಿ ಅವರು ಎಲ್ಲಿಗೂ ಹೋಗುತ್ತಿರಲಿಲ್ಲ. ಟಿವಿಯಲ್ಲಿ ಯಾವುದೋ ಪರದೇಶದ ಕುಟುಂಬ ಕಾರಿನ ಹಿಂದೆ ಮನೆಯನ್ನೇ ಕಟ್ಟಿಕೊಂಡು ತಿರುಗುವುದನ್ನು ನೋಡಿದವನು ತನಗೂ ಅಂಥದ್ದು ಬೇಕೆಂದ. ತಳೋಜಾದ ಗುಜರಿಯಲ್ಲಿ ಒಂದು ಹಳೆಯ ಟ್ರೇಲರ್ ಸಿಕ್ಕಿತು. ಯಾವುದೋ ಕಂಪನಿಯವರು ತಮ್ಮ ಸಾಮಾನು ತುಂಬಿಸಿ ಊರೂರಿಗೆ ಪ್ರದರ್ಶನಕ್ಕೆ ಒಯ್ಯುತ್ತಿದ್ದದ್ದು. ಎರಡು ಚಕ್ರ, ಮೇಲೆ ತಗಡಿನ ಪೆಟ್ಟಿಗೆ. ಅದನ್ನು ಮನೆ ಮಾಡಿ ಕೊಡಬೇಕಾದವರು ಯಾರು? ನನ್ನ ಗಂಡ.

"ಭಾವ, ನಿಮ್ಮ ಹಾಗೆ ಕೈಕೆಲಸ ಗೊತ್ತಿದ್ದವರು ಇನ್ನು ಯಾರಿದ್ದಾರೆ ನಮಗೆ?" ಎಂದು ತಂಗಿ ಫೋನಿನಲ್ಲಿ ಕೇಳಿದಳಂತೆ. ಅಷ್ಟು ಸಾಕಾಯಿತು. ಅಂಬರನಾಥದಲ್ಲಿ ಇವರ ಗೆಳೆಯರೊಬ್ಬರ ವೆಲ್ಡಿಂಗ್ ಶೆಡ್ ಇತ್ತು. ಟ್ರೇಲರನ್ನು ಅಲ್ಲಿ ತಂದು ನಿಲ್ಲಿಸಿದರು. ಆಮೇಲೆ ಸುಮಾರು ಐದು ತಿಂಗಳು ನಮಗೆ ಭಾನುವಾರ ಎಂಬುದೇ ಇರಲಿಲ್ಲ.

ನಮ್ಮ ಅಡಿಗೆಮನೆಯಲ್ಲಿ ಸಿಂಕಿನ ಮೇಲೆ ಒಂದು ಶೆಲ್ಫ್ ಮಾಡಿಕೊಡಿ ಎಂದು ನಾನು ಮೂರು ವರ್ಷದಿಂದ ಹೇಳುತ್ತಿದ್ದೆ. ಮಡಚಿ ಗೋಡೆಗೆ ಒರಗಿಸುವಂಥದ್ದು, ಜಾಗ ಕಡಿಮೆಯಲ್ಲವೇ. ಪ್ರತಿ ಸಲವೂ ಇವರದು ಒಂದೇ ಉತ್ತರ: "ಮಾಡುವ." ಒಂದು ಭಾನುವಾರ ಈ ಮನುಷ್ಯ ದಿನವಿಡೀ ಅಲ್ಲಿ ಏನು ಮಾಡುತ್ತಾರೆ ನೋಡೇ ಬಿಡುವ ಎಂದು ಊಟದ ಡಬ್ಬಿ ಕಟ್ಟಿಕೊಂಡು ಅಂಬರನಾಥಕ್ಕೆ ಹೋದೆ. ಟ್ರೇಲರಿನ ಒಳಗೆ ಕಾಲಿಟ್ಟೆ. ಎರಡು ಹಾಸಿಗೆಯ ಹಲಗೆ ಒಂದರ ಮೇಲೊಂದು, ಚಿಕ್ಕ ಸಿಂಕು, ಒಲೆ ಇಡುವ ಕಟ್ಟೆ. ಸಿಂಕಿನ ಮೇಲೆ ಒಂದು ಶೆಲ್ಫ್. ಹಾಲಿನ ಬಣ್ಣದ ಸನ್‌ಮೈಕಾ, ಅಂಚಿಗೆ ಬೀಡಿಂಗ್, ಮಡಚಿದರೆ ಗೋಡೆಗೆ ಅಂಟಿದ ಹಾಗೆ ಕೂರುತ್ತದೆ. ನಾನು ಹೇಳಿದ್ದೇ ಅದು. ನನ್ನ ಬಾಯಿಂದ ಕೇಳಿದ ಶೆಲ್ಫನ್ನು ಇವರು ನನ್ನ ತಂಗಿಗೆ ಮಾಡಿಕೊಟ್ಟಿದ್ದರು.

ಹೊರಗೆ ಬಂದು ಸ್ಟೂಲಿನ ಮೇಲೆ ಕೂತೆ. ನನ್ನ ಮುಖ ನೋಡಿ ಇವರಿಗೆ ಅರ್ಥವಾಯಿತೋ ಇಲ್ಲವೋ, ಗೊತ್ತಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈಯಲ್ಲಿ ನಟ್ಟು ಬಿಗಿಯುವ ಒಂದು ದೊಡ್ಡ ಪಾನಾ ಹಿಡಿದುಕೊಂಡು, "ಬಾ ಇಲ್ಲಿ, ಒಂದು ಕೆಲಸ ಉಂಟು," ಎಂದರು.

ಟ್ರೇಲರಿನ ಹಿಂದಿನ ಗೋಡೆಗೆ ಸ್ಟೆಪ್ನಿ ಕೂರಿಸುವ ಕೆಲಸ. ಒಂದು ಟಯರ್ ಹೋದರೆ ಹಾಕಲು ಇಟ್ಟುಕೊಳ್ಳುವ ಇನ್ನೊಂದಕ್ಕೆ ಇಲ್ಲಿ ಎಲ್ಲರೂ ಸ್ಟೆಪ್ನಿ ಎನ್ನುತ್ತಾರೆ. ಇವರು ದಪ್ಪ ಕಬ್ಬಿಣದ ಚೌಕಟ್ಟು ಬೆಸೆದು ಮೂರು ಬೋಲ್ಟ್ ಎಬ್ಬಿಸಿದ್ದರು. ನಾನು ಚಕ್ರವನ್ನು ಮೊಣಕಾಲಿನಿಂದ ಒತ್ತಿ ಹಿಡಿಯಬೇಕು, ಇವರು ನಟ್ಟು ಬಿಗಿಯಬೇಕು. ಹಿಡಿದೆ. ಕೆಲಸ ಮಾಡುತ್ತ ಇವರು ಮಾತಾಡಲು ತೊಡಗಿದರು. ಮನೆಯಲ್ಲಿ ಅಷ್ಟು ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ಗಾಡಿಯ ಟಯರ್ ಹೋದರೆ ಡ್ರೈವರಿಗೆ ಸ್ಟೇರಿಂಗಿನಲ್ಲೇ ಗೊತ್ತಾಗ್ತದೆ. ಟ್ರೇಲರಿನದು ಹಿಂದೆ ಉಳೀತದೆ, ಬೇಗ ಗೊತ್ತಾಗುವುದಿಲ್ಲ. ಸ್ಟೆಪ್ನಿಯಂತೂ ಎಲ್ಲರಿಗಿಂತ ಹಿಂದೆ. ಬಿಸಿಲಿಗೆ ಒಣಗ್ತದೆ, ಗಾಳಿ ನಿಧಾನ ಇಳೀತದೆ, ರಸ್ತೆಯ ಕುಲುಕಾಟಕ್ಕೆ ನಟ್ಟು ಸಡಿಲ ಆಗ್ತದೆ. ಯಾರೂ ನೋಡುವುದಿಲ್ಲ. ಬೇಕಾದಾಗ ನೋಡಿದರೆ ಅದರಲ್ಲಿ ಗಾಳಿಯೇ ಇರುವುದಿಲ್ಲ, ಇಲ್ಲವಾದರೆ ಅದು ಎಲ್ಲೋ ಹಿಂದೆ ಉದುರಿ ಹೋಗಿರ್ತದೆ. ಹಿಂದಿನಿಂದ ಬರುವ ಬೈಕಿನವನ ಮೇಲೆ ಬಿದ್ದರೆ ಅವನ ಕತೆ ಮುಗೀತು."

ಆಮೇಲೆ ಪಾನಾ ನನ್ನ ಕೈಗೆ ಕೊಟ್ಟರು. ಒಂದು ನಟ್ಟನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬಾರದು, ಮೂರನ್ನೂ ಸ್ವಲ್ಪ ಸ್ವಲ್ಪ ಬಿಗಿಯುತ್ತ ಬರಬೇಕು. ಟಯರಿನ ಮಗ್ಗುಲಿಗೆ ಹೆಬ್ಬೆರಳು ಒತ್ತಿ ಸವರಿ ಬಿರುಕು ಉಂಟೋ ನೋಡಬೇಕು. ಗಾಳಿ ಅಳೆಯುವ ಗೇಜು ಚುಚ್ಚಿದರೆ ಮುಳ್ಳು ಮೂವತ್ತೈದರಲ್ಲಿ ನಿಲ್ಲಬೇಕು. ಕೊನೆಗೆ ಎರಡೂ ಕೈಯಿಂದ ಮೇಲೆ ಕೆಳಗೆ ಹಿಡಿದು ಜಗ್ಗಬೇಕು. ಚಕ್ರ ಅಲ್ಲ, ಇಡೀ ಟ್ರೇಲರ್ ಅಲುಗಬೇಕು. ಅದಾದ ಮೇಲೆ ಚಕ್ರದ ತೂತಿನಿಂದ ಸರಪಳಿ ತೂರಿಸಿ ಚೌಕಟ್ಟಿಗೆ ಸುತ್ತಿ ಬೀಗ. ಸರಪಳಿಯನ್ನು ಇವರು ಬಹಳ ಹುಡುಕಿ ತಂದದ್ದು. ಗರಗಸಕ್ಕೂ ಜಗ್ಗುವಂಥದ್ದಲ್ಲ.

ನಾನು ಜಗ್ಗಿದೆ. ಇಡೀ ಟ್ರೇಲರ್ ಅಲುಗಿತು. ಇವರು ತಲೆ ಆಡಿಸಿ, "ನಿನ್ನ ಕೈಗೆ ಬಿಗಿ ಗೊತ್ತಾಗ್ತದೆ. ಕೆಲವರಿಗೆ ಹತ್ತು ವರ್ಷ ಆದರೂ ಗೊತ್ತಾಗುವುದಿಲ್ಲ," ಎಂದರು. ಮದುವೆಯಾಗಿ ಅಷ್ಟು ವರ್ಷದಲ್ಲಿ ಇವರು ನನಗೆ ಏನನ್ನಾದರೂ ಕಲಿಸಿದ್ದು, ಕಲಿತದ್ದಕ್ಕೆ ಹೊಗಳಿದ್ದು ಅದೇ ಮೊದಲು. ಖುಷಿಯಾಯಿತು. ಆದರೆ ಆ ಖುಷಿ ಸಿಕ್ಕಿದ್ದೂ ತಂಗಿಯ ಟ್ರೇಲರಿನಿಂದಲೇ ಎಂದು ನೆನಪಾಗಿ ರೈಲಿನಲ್ಲಿ ಬರುವಾಗ ಮತ್ತೆ ಮುಖ ಬಿಗಿಯಿತು.

ಮೊದಲ ಪ್ರವಾಸ ಮೇ ತಿಂಗಳಲ್ಲಿ. ಗೋವಾ ರಸ್ತೆಯಲ್ಲಿ ಹೋಗಿ ಕೊಂಕಣದ ಒಂದು ಕಡಲತೀರದಲ್ಲಿ ನಾಲ್ಕು ದಿನ ಇರುವುದು. ತಂಗಿ, ಅವಳ ಗಂಡ, ಇಬ್ಬರು ಮಕ್ಕಳು. ನಮ್ಮನ್ನು ಕರೆಯಲಿಲ್ಲ ಎನ್ನುವಂತಿಲ್ಲ. "ಮುಂದಿನ ಸಲ ನೀವೂ ಬನ್ನಿ ಅಕ್ಕ," ಎಂದಿದ್ದಳು. ಐದು ತಿಂಗಳ ಭಾನುವಾರ ನಮ್ಮದು, ಮೊದಲ ಸಲ ಅವರದು.

ಹೊರಡುವ ದಿನ ಇವರಿಗೆ ಫಸ್ಟ್ ಶಿಫ್ಟ್, ರಜೆ ಸಿಗಲಿಲ್ಲ. ಹಿಂದಿನ ದಿನ ನನ್ನನ್ನು ಕರೆದು, "ಟ್ರೇಲರ್ ಅಂಬರನಾಥದಿಂದ ಮಾಜಿವಾಡಾದ ತನಕ ಕುಲುಕಿಕೊಂಡು ಹೋಗಿದೆ. ಹೊರಡುವ ಮೊದಲು ಸ್ಟೆಪ್ನಿ ಒಮ್ಮೆ ನೋಡಬೇಕು. ಅವನಿಗೆ ಅದೆಲ್ಲ ತಿಳಿಯುವುದಿಲ್ಲ. ನೀನು ಹೋಗಿ ಬರ್ತೀಯಾ?" ಎಂದು ಕೇಳಿದರು. ಬೀಗಕ್ಕೆ ಎರಡು ಕೀಲಿ. ಒಂದು ಇವರ ಗೊಂಚಲಿನಲ್ಲಿತ್ತು. ಇನ್ನೊಂದನ್ನು ನನಗೆ ಕೊಟ್ಟು, "ನೋಡಿ ಆದ ಮೇಲೆ ಅವನ ಕೈಗೆ ಕೊಡು," ಎಂದರು.

ಬೆಳಿಗ್ಗೆ ಮೊದಲಿನ ಲೋಕಲ್ ರೈಲುಗಳಲ್ಲೊಂದನ್ನು ಹಿಡಿದು ಥಾಣೆಗೆ ಹೋಗಿ ಆಟೋದಲ್ಲಿ ಮಾಜಿವಾಡಾ ಮುಟ್ಟಿದೆ. ಟವರಿನ ಅಂಗಳದಲ್ಲಿ ಜಾತ್ರೆಯಷ್ಟು ಜನ. ಬಿಳಿ ಬಣ್ಣ, ನಡುವೆ ನೀಲಿ ಪಟ್ಟಿ, ಕಿಟಕಿಗೆ ಪರದೆ. ಟ್ರೇಲರ್ ಚೆಂದ ಕಾಣುತ್ತಿತ್ತು, ಅದನ್ನು ಒಪ್ಪಲೇಬೇಕು. ತಂಗಿ ತಲೆಯ ಮೇಲೆ ಕಪ್ಪು ಕನ್ನಡಕ ಏರಿಸಿಕೊಂಡು ಬಿಲ್ಡಿಂಗಿನ ಹೆಂಗಸರನ್ನು ಒಳಗೆ ಕರೆದು ತೋರಿಸುತ್ತಿದ್ದಳು. ಅವರೆಲ್ಲ ಶೆಲ್ಫನ್ನು ಮಡಚಿ ಬಿಚ್ಚಿ ನೋಡುತ್ತಿದ್ದರು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಹೋದೆ. ಬೀಗ ತೆಗೆದೆ. ಗೇಜು ಚುಚ್ಚಿದೆ, ಮೂವತ್ತೈದು. ಹೆಬ್ಬೆರಳಿನಿಂದ ಟಯರಿನ ಸುತ್ತ ಸವರಿದೆ. ಕೆಳಗಿನ ನಟ್ಟು ಅರ್ಧ ಸುತ್ತು ಸಡಿಲವಾಗಿತ್ತು. ಮೂರನ್ನೂ ಮತ್ತೆ ಬಿಗಿದೆ. ಜಗ್ಗಿದೆ. ಸರಪಳಿ ಹಾಕಿ ಬೀಗ ಒತ್ತಿದೆ. ಕೆಲಸದಲ್ಲಿ ನಾನು ಒಂದಿಷ್ಟೂ ತಪ್ಪು ಮಾಡಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಹೊಟ್ಟೆಯಲ್ಲಿ ಏನೇ ಇರಲಿ, ಕೈ ಸರಿಯಾಗಿಯೇ ಕೆಲಸ ಮಾಡಿತು. ತಂಗಿಯ ಗಂಡನ ಎರಡೂ ಕೈಯಲ್ಲಿ ನೀರಿನ ಕ್ಯಾನು ಇದ್ದದ್ದರಿಂದ ಆಮೇಲೆ ಕೊಡುವ ಎಂದು ಕೀಲಿಯನ್ನು ಪರ್ಸಿಗೆ ಹಾಕಿಕೊಂಡೆ.

ಆಗ ಒಬ್ಬ ಹೆಂಗಸು ನನ್ನ ಕಪ್ಪಾದ ಕೈ ನೋಡಿ ತಂಗಿಯ ಹತ್ತಿರ ಹಿಂದಿಯಲ್ಲಿ ನಾನು ಯಾರೆಂದು ಕೇಳಿದಳು. "ನನ್ನ ದೀದಿ, ಡೊಂಬಿವಲಿಯಲ್ಲಿರ್ತಾಳೆ. ಹೆಲ್ಪ್ ಮಾಡ್ಲಿಕ್ಕೆ ಬಂದಿದ್ದಾಳೆ," ಎಂದಳು ತಂಗಿ. ಅದು ಸುಳ್ಳೇನಲ್ಲ. ಆದರೂ ಚುಚ್ಚಿತು. ಅಷ್ಟರಲ್ಲಿ ಆ ಕಡೆ ಒಬ್ಬರು ತಂಗಿಯ ಗಂಡನನ್ನು ಟ್ರೇಲರ್ ಎಲ್ಲಿ ಮಾಡಿಸಿದ್ದು ಎಂದು ವಿಚಾರಿಸುತ್ತಿದ್ದರು. ಅವನು, "ಅಂಬರನಾಥ್ ಮೇ. ಅಪ್ನಾ ಆದ್ಮಿ ಹೈ," ಎಂದ.

ಅಪ್ನಾ ಆದ್ಮಿ. ನಮ್ಮ ಆಳು. ನನ್ನ ಕಿವಿಗೆ ಬಿದ್ದದ್ದು ಹಾಗೆ. ಐದು ತಿಂಗಳ ಭಾನುವಾರ ಬೆನ್ನು ಬಗ್ಗಿಸಿ ಕೆಲಸ ಮಾಡಿದ ನನ್ನ ಗಂಡನಿಗೆ ಇವನು ಹೇಳುವುದು ಆಳು ಎಂದು. ತಂಗಿ ಚಹಾ ತಂದುಕೊಟ್ಟಳು. ಅರ್ಧ ಕುಡಿದು ಗ್ಲಾಸು ಗೋಡೆಯ ಮೇಲಿಟ್ಟೆ. ತೆಂಗಿನಕಾಯಿ ಒಡೆದರು, ಮಕ್ಕಳು ಕೈ ಬೀಸಿದರು. ಗಾಡಿ ಟ್ರೇಲರನ್ನು ಎಳೆದುಕೊಂಡು ಗೇಟು ದಾಟಿತು. ಕೀಲಿಯ ನೆನಪು ನನಗೆ ಆಗ ಇರಲಿಲ್ಲ. ಈ ಮಾತು ನಿಜ.

ಥಾಣೆಯಲ್ಲಿ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ರೈಲು ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ ಕೂರಲು ಜಾಗ ಸಿಕ್ಕಿತು. ಕಳ್ವಾ ಬರುವಾಗ ಟಿ.ಸಿ. ಬಂದಳು. ಟಿಕೆಟಿಗೆಂದು ಪರ್ಸಿಗೆ ಕೈ ಹಾಕಿದೆ. ಬೆರಳಿಗೆ ಕೀಲಿ ತಾಗಿತು.

ಟಿ.ಸಿ. ಮುಂದೆ ಹೋದಳು. ನಾನು ಕೀಲಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಕೂತೆ. ಅವರು ಥಾಣೆಯ ಪಕ್ಕದ ಐರೋಲಿಯನ್ನೂ ದಾಟಿರಲಿಕ್ಕಿಲ್ಲ. ಫೋನು ಮಡಿಲಲ್ಲೇ ಇತ್ತು. ಒಂದು ಫೋನು ಮಾಡಿದರೆ ಅಲ್ಲೇ ನಿಂತಿರುತ್ತಿದ್ದರು. ನಾನು ಇಳಿದು ಹೋಗಿ ಕೊಟ್ಟು ಬಂದರೆ ಹೆಚ್ಚೆಂದರೆ ಒಂದು ಗಂಟೆ ತಡವಾಗುತ್ತಿತ್ತು. ಇದೆಲ್ಲ ನನಗೆ ಅಲ್ಲೇ, ಆಗಲೇ ಹೊಳೆದಿತ್ತು. ತಿಳಿಯಲಿಲ್ಲ ಎಂದು ಹೇಳಲಾರೆ.

ಮುಂಬ್ರಾ ಬಂತು. ಪಂಚರ್ ಆಗುತ್ತದೆಂದು ಯಾರು ಹೇಳಿದ್ದು, ಎಂದುಕೊಂಡೆ. ದಿವಾ ಬಂತು. ಆದರೆ ಆಗಲಿ, ಆಗ ನೆನಪು ಮಾಡಿಕೊಳ್ಳಲಿ ಹಿಂದೆ ಕೂತು ನಟ್ಟು ಬಿಗಿದವರು ಯಾರೆಂದು, ಎಂದುಕೊಂಡೆ. ಅವಳು ಫೋನು ಮಾಡಿ "ಅಕ್ಕ, ಈಗ ಎಂತ ಮಾಡುವುದು?" ಎಂದು ಕೇಳುವುದನ್ನು ಮನಸ್ಸಿನಲ್ಲೇ ಕೇಳಿಸಿಕೊಂಡೆ. ಆ ಸ್ವರ ನನಗೆ ಹಿತವಾಯಿತು. ಕೋಪರ್ ದಾಟಿ ಡೊಂಬಿವಲಿಯಲ್ಲಿ ಇಳಿದು ಮನೆಗೆ ನಡೆದೆ. ಅನ್ನಕ್ಕೆ ಇಟ್ಟೆ, ಬಟ್ಟೆ ಒಗೆದು ಹರವಿದೆ. ಫೋನನ್ನು ಮಾತ್ರ ಕೈಗೆಟಕುವಲ್ಲಿ ಇಟ್ಟುಕೊಂಡಿದ್ದೆ.

ಹತ್ತು ಗಂಟೆಯ ಹೊತ್ತಿಗೆ ಫೋನು ಬಂತು.

"ಅಕ್ಕ, ಟ್ರೇಲರಿನ ಟಯರ್ ಹೋಯ್ತು. ಪನ್ವೇಲ್ ದಾಟಿ ಪಳಸ್ಪೆ ಉಂಟಲ್ಲ, ಅದಕ್ಕಿಂತ ಸ್ವಲ್ಪ ಮುಂದೆ ಇದ್ದೇವೆ. ಸ್ಟೆಪ್ನಿಯ ಕೀಲಿ ಸಿಗ್ತಾ ಇಲ್ಲ. ಭಾವನಿಗೆ ಮಾಡಿದರೆ ಎತ್ತುವುದಿಲ್ಲ. ನಿನಗೆ ಗೊತ್ತುಂಟಾ ಎಲ್ಲಿಟ್ಟಿದ್ದಾರೆ ಅಂತ?"

ಇವರು ಶಿಫ್ಟಿನಲ್ಲಿ ಫೋನನ್ನು ಲಾಕರಿನಲ್ಲಿಡುತ್ತಾರೆ. ನಾನು ಮನಸ್ಸಿನಲ್ಲಿ ಕೇಳಿಸಿಕೊಂಡ ಸ್ವರವೇ ಬೇರೆ, ಇದೇ ಬೇರೆ. ಹಿಂದೆ ಲಾರಿಗಳ ಹಾರನ್ನು, ಸಣ್ಣ ಮಗು ಅಳುತ್ತಿತ್ತು. ತಂಗಿ ಹೆದರಿದ್ದಳು. ಚಿಕ್ಕವಳಿದ್ದಾಗ ಬಾವಿಯ ಹತ್ತಿರ ಹಾವು ಕಂಡರೆ ನನ್ನನ್ನು ಕೂಗುತ್ತಿದ್ದಳಲ್ಲ, ಆ ಸ್ವರ ಅದು.

"ಇರು, ನೋಡ್ತೇನೆ," ಎಂದೆ. ನೋಡುವುದಕ್ಕೆ ಏನಿತ್ತು? ಫೋನು ಕಿವಿಗಿಟ್ಟುಕೊಂಡು ಅಡಿಗೆಮನೆಯ ನಡುವೆ ಸುಮ್ಮನೆ ನಿಂತಿದ್ದೆ. ಆಮೇಲೆ, "ನನ್ನ ಪರ್ಸಿನಲ್ಲೇ ಉಳಿದು ಬಿಟ್ಟಿದೆ. ನಾನು ತರ್ತೇನೆ, ಅಲ್ಲೇ ಇರಿ," ಎಂದೆ.

ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟೆ. "ಕಿಧರ್ ಜಾ ರಹೀ ಹೋ?" ಎಂದು ಆ ಮನೆಯವಳು ಕೇಳಿದಳು, ಎಲ್ಲಿಗೆಂದು ಹೇಳದೆ ಮೆಟ್ಟಿಲಿಳಿದೆ. ಆಟೋದಲ್ಲಿ ಶೀಳ್ ನಾಕಾ ಎಂಬ ಕೂಡುರಸ್ತೆಯ ತನಕ, ಅಲ್ಲಿಂದ ಪನ್ವೇಲ್ ಬಸ್ಸು. ತಳೋಜಾದ ಹತ್ತಿರ ಟ್ರಾಫಿಕ್ ನಿಂತು ಬಿಟ್ಟಿತು. ಮುಂದೆ ಲಾರಿ, ಹಿಂದೆ ಲಾರಿ. ಬಸ್ಸಿನ ತಗಡು ಕಾದು ಕೈಯಿಡಲಾಗುತ್ತಿರಲಿಲ್ಲ. ತಂಗಿಯ ಗಂಡ ಫೋನು ಮಾಡಿ, ಕಲ್ಲಿನಿಂದ ಬೀಗ ಒಡೆಯಲು ನೋಡಿದ್ದಾಗಿಯೂ, ಬೀಗವೂ ಸರಪಳಿಯೂ ಕೇಳುವುದಿಲ್ಲವೆಂದೂ ಹೇಳಿದ. "ಭಾವ ಭಾರೀ ಗಟ್ಟಿ ಮಾಡಿದ್ದಾರೆ ಅಕ್ಕ," ಎಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಳಂಬೋಲಿಯಲ್ಲಿ ಬಸ್ಸು ಬಿಟ್ಟು ಆಟೋ ಹಿಡಿದೆ. ನಾನು ಮುಟ್ಟುವಾಗ ಹನ್ನೆರಡೂವರೆ ದಾಟಿತ್ತು.

ಆಟೋ ಇಳಿದು ಅವರು ನಿಂತಿದ್ದ ಜಾಗವನ್ನು ನೋಡಿದೆ. ರಸ್ತೆ ಅಲ್ಲಿ ತಿರುಗುತ್ತಿತ್ತು. ಪಕ್ಕದ ಮಣ್ಣಿನ ಜಾಗ ಸಣ್ಣದು, ಅದರಾಚೆ ತಗ್ಗು. ಟ್ರೇಲರಿನ ಅರ್ಧ ಭಾಗ ರಸ್ತೆಯ ಮೇಲೆಯೇ ಇತ್ತು. ತಂಗಿಯ ಗಂಡ ತಿರುವಿನ ಆಚೆ ನಿಂತು ಒಂದು ಕೆಂಪು ಟವಲು ಬೀಸುತ್ತ ಬರುವ ಲಾರಿಗಳಿಗೆ ಸನ್ನೆ ಮಾಡುತ್ತಿದ್ದ. ಎರಡು ಗಂಟೆಗೂ ಮಿಕ್ಕಿ ಹಾಗೆ ನಿಂತಿದ್ದನಂತೆ. ಅಂಗಿ ಒದ್ದೆಯಾಗಿ ಮೈಗೆ ಅಂಟಿತ್ತು. ತಂಗಿ ಇಬ್ಬರು ಮಕ್ಕಳನ್ನೂ ಒಂದು ಗಿಡದ ನೆರಳಿನಲ್ಲಿ ಕೂರಿಸಿ ಅವರ ಕೈಗಳನ್ನು ಬಿಡದೆ ಹಿಡಿದುಕೊಂಡಿದ್ದಳು. ಚಿಕ್ಕವನು ಎರಡು ಸಲ ವಾಂತಿ ಮಾಡಿದ್ದ. ನಾನು ನೋಡುತ್ತಿದ್ದ ಹಾಗೆಯೇ ಒಂದು ಟ್ಯಾಂಕರು ಟ್ರೇಲರಿಗೆ ಒಂದು ಗೇಣು ಬಿಟ್ಟು ಹಾದು ಹೋಯಿತು. ಕಿಟಕಿಯ ಪರದೆ ಅದರ ಗಾಳಿಗೆ ಹಾರಿತು.

ನಾನು ಯಾರ ಮುಖವನ್ನೂ ನೋಡದೆ ಹಿಂದೆ ಹೋಗಿ ಬೀಗ ತೆಗೆದೆ. ಎರಡು ಸಲ ಕೀಲಿ ಜಾರಿತು. ನಟ್ಟು ಬಿಚ್ಚಿದೆ. ಚಕ್ರ ಇಳಿಸಲು ತಂಗಿ ಓಡಿ ಬಂದು ಕೈಕೊಟ್ಟಳು. ಜಾಕು ಮೊದಲೇ ಏರಿಸಿದ್ದರು. ಹೋದ ಟಯರಿನಲ್ಲಿ ಬೆರಳುದ್ದದ ಮೊಳೆ ಚುಚ್ಚಿಕೊಂಡಿತ್ತು. ಸ್ಟೆಪ್ನಿ ಹಾಕಿ, ಇವರು ಹೇಳಿಕೊಟ್ಟ ಹಾಗೆ ಎಲ್ಲ ನಟ್ಟುಗಳನ್ನೂ ಸ್ವಲ್ಪ ಸ್ವಲ್ಪ ಬಿಗಿಯುತ್ತ ಬಂದೆ. ಜಾಕು ಇಳಿಸಿದ ಮೇಲೆ ಮತ್ತೊಮ್ಮೆ ಬಿಗಿದೆ. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಇಪ್ಪತ್ತು ನಿಮಿಷದ ಕೆಲಸಕ್ಕೆ ಅವರು ಬೆಳಗಿನಿಂದ ಅಲ್ಲಿ ಜೀವ ಕೈಯಲ್ಲಿ ಹಿಡಿದು ನಿಂತಿದ್ದರು.

ತಂಗಿ ನನ್ನ ಕೈಗೆ ನೀರು ಹೊಯ್ದಳು. "ನಮ್ಮಿಂದಾಗಿ ನಿನಗೆ ಎಷ್ಟು ಕಷ್ಟ ಅಕ್ಕ, ಈ ಬಿಸಿಲಿಗೆ ಅಷ್ಟು ದೂರದಿಂದ," ಎಂದಳು. ತಿಂಡಿಗೆಂದು ಕಟ್ಟಿಕೊಂಡಿದ್ದ ಇಡ್ಲಿಯ ಡಬ್ಬಿಯನ್ನು ನನ್ನ ಚೀಲಕ್ಕೆ ತುರುಕಿದಳು. ಕೀಲಿಯನ್ನು ಅವಳ ಗಂಡನ ಕೈಗಿಟ್ಟು ಆಟೋ ಹತ್ತಿದೆ. ಆ ಇಡ್ಲಿ ನನ್ನಿಂದ ತಿನ್ನಲಾಗಲಿಲ್ಲ. ಪನ್ವೇಲಿನ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ ಒಬ್ಬ ಮುದುಕಿಗೆ ಕೊಟ್ಟೆ.

ಸಂಜೆ ಇವರು ಬಂದರು. ಲಾಕರಿನಿಂದ ಫೋನು ತೆಗೆದಾಗ ತಂಗಿಯ ಕರೆಗಳನ್ನು ನೋಡಿ ಅವಳ ಹತ್ತಿರ ಮಾತಾಡಿದ್ದರು. "ಕೀಲಿ ನಿನ್ನ ಹತ್ತಿರ ಉಳಿದದ್ದು ಹೇಗೆ?" ಎಂದು ಕೇಳಿದರು. ಹೇಳಿದೆ.

"ನಿನಗೆ ಗೊತ್ತಾದದ್ದು ಯಾವಾಗ?"

ಸುಳ್ಳು ಹೇಳಬಹುದಿತ್ತು. "ಕಳ್ವಾದಲ್ಲಿ," ಎಂದೆ.

ಅಂಗಿಯ ಗುಂಡಿ ಬಿಚ್ಚುತ್ತಿದ್ದ ಕೈ ನಿಂತಿತು. "ಮಕ್ಕಳಿದ್ದರು," ಎಂದರು. ಅಷ್ಟೆ. ಆ ಒಂದು ಮಾತಿನ ಬದಲು ನಾಲ್ಕು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಸೋಲಬಾರದೆಂದು ಸ್ವರ ಏರಿಸಿ, ಶೆಲ್ಫಿನ ವಿಷಯ, ಭಾನುವಾರದ ವಿಷಯ, ಎಲ್ಲವನ್ನೂ ಹೇಳಿದೆ. ಕೊನೆಗೆ, "ನಿಮ್ಮನ್ನು ಅವನು ಎಲ್ಲರೆದುರು ಆಳು ಅಂದ. ಅಪ್ನಾ ಆದ್ಮಿ ಅಂದ," ಎಂದೆ.

ಇವರು ನನ್ನನ್ನೇ ನೋಡಿದರು. "ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು ನಿನಗೆ? ಅಪ್ನಾ ಆದ್ಮಿ ಅಂದರೆ ನಮ್ಮವರು ಅಂತ. ನಮ್ಮ ಮನೆಯವರು ಅಂತ. ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ತರಕಾರಿಯವನೂ ದಿನಾ ಹೇಳುವ ಮಾತದು. ಬೆಳಿಗ್ಗೆ ಅದಕ್ಕೆ ಬೇರೆ ಅರ್ಥ ಬೇಕಾಗಿತ್ತು ನನಗೆ, ಅಂಟಿಸಿಕೊಂಡೆ.

ಇವರು ಈ ವಿಷಯವನ್ನು ಯಾರಿಗೂ ಹೇಳಲಿಲ್ಲ. ಹೇಳುವುದಿದ್ದರೆ ನೀನೇ ಹೇಳು ಎಂಬಂತೆ ಸುಮ್ಮನಿದ್ದರು. ತಮ್ಮ ಗೊಂಚಲಿನಲ್ಲಿದ್ದ ಎರಡನೆಯ ಕೀಲಿಯನ್ನು ಒಯ್ದು ಟ್ರೇಲರಿನ ಒಳಗೆ ಒಂದು ಕೊಕ್ಕೆ ಹೊಡೆದು ತೂಗಿಸಿ ಬಂದರು. ಮುಂದಿನ ತಿಂಗಳು ನಮ್ಮ ಅಡಿಗೆಮನೆಗೂ ಒಂದು ಶೆಲ್ಫ್ ಬಂತು. ಅದರಲ್ಲಿ ಡಬ್ಬಿ ಇಡಲು ನನಗೆ ಬಹಳ ದಿನ ಮನಸ್ಸು ಬರಲಿಲ್ಲ.

ಇದಾದ ಮೇಲೆ ನನಗೆ ಹೊಸ ಶಿಕ್ಷೆ ಶುರುವಾಯಿತು. ತಂಗಿ ಸಿಕ್ಕಿದವರಿಗೆಲ್ಲ ಈ ಕತೆ ಹೇಳತೊಡಗಿದಳು. ಅಕ್ಕ ಡೊಂಬಿವಲಿಯಿಂದ ಪಳಸ್ಪೆಗೆ ಕೀಲಿ ಹಿಡಿದುಕೊಂಡು ಓಡಿ ಬಂದದ್ದು, ಸೀರೆ ಸಿಕ್ಕಿಸಿ ಗಂಡಸರ ಹಾಗೆ ಟಯರ್ ಹಾಕಿದ್ದು. ಅವಳ ಬಾಯಿಂದ ಹೀಗೆ ನಾಲ್ಕು ಜನರ ಮುಂದೆ ನನ್ನ ಹೆಸರು ಬರಬೇಕೆಂದೇ ಅಲ್ಲವೇ ಇಷ್ಟು ವರ್ಷ ನಾನು ಕುದಿದದ್ದು? ಈಗ ಬರುತ್ತಿತ್ತು. ಪ್ರತಿ ಸಲವೂ ತಲೆ ತಗ್ಗಿಸುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಳ್ಳುತ್ತಿದ್ದರು.

ಎರಡು ವರ್ಷ ಹೀಗೆ ನಡೆಯಿತು. ಕಲ್ಯಾಣದಲ್ಲಿ ನೆಂಟರ ಮಗನ ಮದುವೆ. ಊಟದ ಪಂಕ್ತಿಯಲ್ಲಿ ತಂಗಿ ಮತ್ತೆ ಅದೇ ಕತೆ ತೆಗೆದು, "ಅಮ್ಮ ಇದ್ದಿದ್ದರೂ ಅಷ್ಟು ಮಾಡ್ತಿರಲಿಲ್ಲ," ಎಂದಳು. ಕೈ ತೊಳೆಯುವಲ್ಲಿ ಅವಳೊಬ್ಬಳೇ ಇದ್ದಾಗ ಹೇಳಿಬಿಟ್ಟೆ. ಕಳ್ವಾದಲ್ಲೇ ಕೀಲಿ ಕಂಡಿತ್ತು, ಬೇಕೆಂದೇ ಫೋನು ಮಾಡಲಿಲ್ಲ, ನಿನ್ನ ಮೇಲೆ ಹೊಟ್ಟೆಕಿಚ್ಚಾಗಿತ್ತು, ಎಂದೆ.

ಅವಳು ನಲ್ಲಿ ನಿಲ್ಲಿಸಿದಳು. "ಕಳ್ವಾದಲ್ಲಿ ಅಂದರೆ ನಾವು ಐರೋಲಿಯ ಹತ್ತಿರ ಇದ್ದೆವು," ಎಂದಳು. ಹೌದು ಎಂದೆ. "ಫೋನು ನಿನ್ನ ಕೈಯಲ್ಲಿತ್ತಾ?" ಇತ್ತು ಎಂದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದಳು.

ನಾಲ್ಕು ತಿಂಗಳು ಫೋನು ಇಲ್ಲ. ಗಣೇಶ ಚೌತಿಗೆ ಅವಳ ಮನೆಯಿಂದ ಕಡುಬು ಬರುತ್ತಿತ್ತು, ಆ ವರ್ಷ ಬರಲಿಲ್ಲ. ನಾನಾಗಿ ಮಾಡಿದ ಎರಡು ಕರೆಗಳನ್ನು ಎತ್ತಲಿಲ್ಲ. ಮೂರನೆಯದು ಮಾಡುವ ಧೈರ್ಯ ನನಗಿರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ, ಹೇಳದೆ ಕೇಳದೆ, ಮೂರು ಮಾಳಿಗೆ ಹತ್ತಿಕೊಂಡು ಬಂದಳು. ನೀರು ಕೇಳಿ ಕುಡಿದಳು. "ಸಿಟ್ಟು ಹೋಗಿದೆ ಅಂತ ಅಲ್ಲ," ಎಂದಳು. "ಆ ಟ್ಯಾಂಕರ್ ಈಗಲೂ ಕನಸಿನಲ್ಲಿ ಬರ್ತದೆ ನನಗೆ. ಆದರೆ ನೀನೇ ಹೇಳಿದ್ದಲ್ಲ. ಹೇಳದಿದ್ದರೆ ನನಗೆ ಸಾಯುವ ತನಕ ಗೊತ್ತಾಗ್ತಿರಲಿಲ್ಲ." ಗ್ಲಾಸು ಕೆಳಗಿಟ್ಟು, "ಟ್ರೇಲರ್ ಮಾರ್ತಾ ಇದ್ದೇವೆ. ಅದಕ್ಕಿಂತ ಮೊದಲು ನೀವು ಮೂವರೂ ಒಮ್ಮೆ ಹೋಗಿ ಬನ್ನಿ. ಭಾವ ಮಾಡಿದ್ದು, ಭಾವನೇ ಒಂದು ಸಲವೂ ಹೋಗಲಿಲ್ಲ," ಎಂದಳು.

ಹೋದೆವು. ಗಾಡಿಯನ್ನೂ ಅವರೇ ಕೊಟ್ಟರು, ಇವರು ಓಡಿಸಿದರು. ಹೊರಡುವ ಮೊದಲು ಸ್ಟೆಪ್ನಿಯನ್ನು ನಾನು ನೋಡಿದೆ, ಐವತ್ತು ಕಿಲೋಮೀಟರಿಗೊಮ್ಮೆ ಇಳಿದು ಜಗ್ಗಿದೆ. ಮಗಳಿಗೆ ನಗು. ಕಡಲತೀರ ಮುಟ್ಟಿದ ಮೇಲೆ ಒಳಗೆ ಮಲಗಲು ನೋಡಿದೆವು. ತಗಡು ಕಾದು ಒಳಗೆಲ್ಲ ಒಲೆಯ ಹಾಗೆ ಆಗಿತ್ತು. ಹಲಗೆ ಗಿಡ್ಡ, ಇವರ ಕಾಲು ಹೊರಗೆ ಚಾಚುತ್ತಿತ್ತು. ಟ್ಯಾಂಕಿನ ನೀರಿಗೆ ಪ್ಲಾಸ್ಟಿಕ್ಕಿನ ವಾಸನೆ. ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಉಸಿರು ಕಟ್ಟುತ್ತದೆ. ಇದಕ್ಕಾಗಿಯೇ ನಾನು ಅಷ್ಟು ಉರಿದದ್ದು ಎಂದು ನನಗೇ ನಂಬಲಾಗಲಿಲ್ಲ.

ತಿರುಗಿ ಬಂದು ತಂಗಿಗೆ ಫೋನು ಮಾಡಿದೆ. "ಹೇಗಾಯ್ತು?" ಎಂದಳು.

"ಸೆಕೆ ಮಾರಾಯ್ತಿ. ನೀವು ಅದರಲ್ಲಿ ಹೇಗೆ ಮಲಗ್ತಿದ್ರಿ?"

"ಯಾರು ಮಲಗ್ತಾರೆ ಅದರಲ್ಲಿ? ಒಂದೇ ಒಂದು ದಿನ ಮಲಗಿದ್ದು. ಆಮೇಲೆ ಪ್ರತಿ ಸಲ ಲಾಡ್ಜಿನಲ್ಲಿ ರೂಮು ಮಾಡ್ತಿದ್ದೆವು. ಇವರಿಗೆ ಅಡಿಗೆಗೆ ಮಾತ್ರ ಅದು ಬೇಕಾಗಿತ್ತು. ನಾನು ಟೂರಿಗೆ ಹೋಗಿಯೂ ನಾಲ್ಕು ದಿನ ಆ ಪೆಟ್ಟಿಗೆಯಲ್ಲಿ ನಿಂತು ಸಾರು ಕುದಿಸುವುದು."

ನಾವಿಬ್ಬರೂ ಬಹಳ ಹೊತ್ತು ನಕ್ಕೆವು. ಆ ಮದುವೆಯ ಊಟದ ನಂತರ ನಾವು ಒಟ್ಟಿಗೆ ನಕ್ಕದ್ದು ಅದೇ ಮೊದಲು. ಟ್ರೇಲರನ್ನು ಆಮೇಲೆ ಕಲ್ಯಾಣದ ಒಬ್ಬರು ಕೊಂಡುಹೋಗಿ ರಸ್ತೆ ಬದಿಯಲ್ಲಿ ನಿಲ್ಲಿಸಿ ಚೈನೀಸ್ ಮಾರಲು ತೊಡಗಿದರು ಎಂದು ಕೇಳಿದೆ.

ಹೊಟ್ಟೆಕಿಚ್ಚು ಅಲ್ಲಿಗೆ ಮುಗಿಯಿತೆಂದು ಬರೆದರೆ ಸುಳ್ಳಾಗುತ್ತದೆ. ಒಂದೆರಡು ವರ್ಷದಲ್ಲಿ ಅವರು ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಇನ್ನೂ ದೊಡ್ಡ ಮನೆ ತಗೊಂಡರು. ಬಾಲ್ಕನಿಯಿಂದ ಗುಡ್ಡ ಕಾಣುತ್ತದೆ ಎಂದು ತಂಗಿ ಫೋನಿನಲ್ಲಿ ಹೇಳುವಾಗ ನನ್ನ ಹೊಟ್ಟೆಯೊಳಗೆ ಆ ಹಳೆಯ ಬಿಸಿ ಎದ್ದದ್ದು ನನಗೆ ಗೊತ್ತಾಯಿತು. ಈ ಸಲ ನುಂಗಿಕೊಳ್ಳಲಿಲ್ಲ.

"ನನಗೆ ಹೊಟ್ಟೆ ಉರೀತಾ ಉಂಟು, ನೋಡು," ಎಂದೆ.

"ಉರೀಲಿ," ಎಂದಳು ತಂಗಿ. "ಭಾನುವಾರ ಬಾ. ಅಡಿಗೆಮನೆ ಹೇಗೆ ಮಾಡಿಸುವುದಂತ ಹೇಳು. ಇಲ್ಲಿಯವರಿಗೆ ನಮ್ಮ ಅರೆಯುವ ಕಲ್ಲು ಎಲ್ಲಿ ಕೂರಿಸಬೇಕು ಅಂತ ಗೊತ್ತಾಗುವುದಿಲ್ಲ."

ಭಾನುವಾರ ಹೋದೆ. ಬಾಲ್ಕನಿಯಲ್ಲಿ ನಿಂತು ನೋಡಿದರೆ ಗುಡ್ಡ ನಿಜವಾಗಿಯೂ ಕಾಣುತ್ತಿತ್ತು.